ಗಲ್ಲು ಶಿಕ್ಷೆ ಬೇಡವೆನ್ನುವವರು ಯಾರ ಪರವಾಗಿ ಕೇಳುತ್ತಾರೆ?



ಕೆಂಗೇರಿಯಿಂದಲೋ ವಿಜಯನಗರದಿಂದಲೋ ನೇರಳೆ ಮಾರ್ಗದ ಮೆಟ್ರೊ ಹತ್ತಿ, ಮೆಜೆಸ್ಟಿಕ್ ದಾಟಿ, ಸೆಂಟ್ರಲ್ ಕಾಲೇಜು ನಿಲ್ದಾಣದಲ್ಲಿ ಇಳಿದಿದ್ದೀರಾ? ಅಲ್ಲಿಂದ ಸ್ವಲ್ಪ ನಡೆದರೆ ಶೇಷಾದ್ರಿ ರಸ್ತೆಯ ಮಗ್ಗುಲಲ್ಲಿ ಫ್ರೀಡಂ ಪಾರ್ಕ್ ಸಿಗುತ್ತದೆ. ಧರಣಿ, ಉಪವಾಸ, ಮೆರವಣಿಗೆಗಳ ಜಾಗ. ರಾಜಾಜಿನಗರದ ಬಸ್ಸಿನಲ್ಲಿ ಬರುವವರೂ ಮೆಜೆಸ್ಟಿಕ್ಕಿನಲ್ಲಿ ಇಳಿದು ನಡೆದೇ ಹೋಗಬಹುದು. 2000ನೇ ಇಸವಿಯವರೆಗೆ ಇದು ಬೆಂಗಳೂರಿನ ಸೆಂಟ್ರಲ್ ಜೈಲಾಗಿತ್ತು. ಕೈದಿಗಳನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಿದ ಮೇಲೆ, 2008ರಲ್ಲಿ ಇದು ಉದ್ಯಾನವಾಯಿತು.

1943ರ ಮಾರ್ಚ್ ತಿಂಗಳಲ್ಲಿ ಈ ಜೈಲಿನಲ್ಲಿ ಐವರನ್ನು ಗಲ್ಲಿಗೇರಿಸಲಾಯಿತು. ಐವರೂ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಈಸೂರಿನವರು. ಅದರ ಹಿಂದಿನ ವರ್ಷ, ಕ್ವಿಟ್ ಇಂಡಿಯಾ ಚಳವಳಿಯ ಕಾವಿನಲ್ಲಿ, ಆ ಊರು ತಾನು ಸ್ವತಂತ್ರವೆಂದು ಸಾರಿಕೊಂಡಿತ್ತು. ಆಗ ನಡೆದ ಘರ್ಷಣೆಯಲ್ಲಿ ಒಬ್ಬ ಅಮಲ್ದಾರರೂ ಒಬ್ಬ ಪೊಲೀಸ್ ಸಬ್ ಇನ್ಸ್‌ಪೆಕ್ಟರರೂ ಸತ್ತರು. ಆಗಿನ ಕಾನೂನಿನ ಕಣ್ಣಿಗೆ ಈ ಐವರು ಕೊಲೆಗಾರರು. ನಾಲ್ಕೂವರೆ ವರ್ಷವೂ ತುಂಬುವುದರೊಳಗೆ ದೇಶ ಸ್ವತಂತ್ರವಾಯಿತು, ಇವರು ಹುತಾತ್ಮರಾದರು. ಜೈಲಿನಲ್ಲಿ ಉಳಿದಿದ್ದರೆ ಹೊರಗೆ ಬರುತ್ತಿದ್ದರು. ಗಲ್ಲಿಗೆ ಹೋದವರನ್ನು ಕರೆತರುವ ದಾರಿ ಇರಲಿಲ್ಲ.

"ಇದು ಸುಲಭದ ಉದಾಹರಣೆ, ಅವರು ದೇಶಭಕ್ತರು" ಎಂದು ನೀವು ಹೇಳಬಹುದು. ಒಪ್ಪುತ್ತೇನೆ. ಕಷ್ಟದ ಉದಾಹರಣೆಗಳಿಗೆ ಈಗ ಬರೋಣ.

ಕೆಲವು ವರ್ಷಗಳ ಹಿಂದೆ ಬಸವೇಶ್ವರನಗರದ ಒಂದು ಕಾಲೇಜಿನ ಚರ್ಚಾ ಸ್ಪರ್ಧೆಗೆ ನಾನು ತೀರ್ಪುಗಾರನಾಗಿ ಹೋಗಿದ್ದೆ. ವಿಷಯ: ಮರಣದಂಡನೆ ರದ್ದಾಗಬೇಕೇ? ಪರವಾಗಿ ಮಾತನಾಡಿದ ಹುಡುಗ ಗಾಂಧೀಜಿಯಿಂದ ಹಿಡಿದು ವಿಶ್ವಸಂಸ್ಥೆಯವರೆಗೆ ಎಲ್ಲವನ್ನೂ ಚೆನ್ನಾಗಿ ಒಪ್ಪಿಸಿದ. ಆಮೇಲೆ ಎದುರು ಪಕ್ಷದ ಒಬ್ಬ ಹುಡುಗಿ ಎದ್ದು ಒಂದೇ ಪ್ರಶ್ನೆ ಕೇಳಿದಳು: "ಈ ಮಾನವ ಹಕ್ಕು ಸಂಸ್ಥೆಗಳು ಕೊಲೆ ಮಾಡಿದವನಿಗಾಗಿ ರಾಷ್ಟ್ರಪತಿಗೆ ಕಾಗದ ಬರೆಯುತ್ತವಲ್ಲ, ಸತ್ತವರ ಮನೆಗೆ ಒಂದು ಕಾಗದವನ್ನಾದರೂ ಬರೆಯುತ್ತವೆಯೇ?" ಸಭಾಂಗಣದಲ್ಲಿ ಚಪ್ಪಾಳೆ. ಹುಡುಗ ಉತ್ತರಿಸಲಿಲ್ಲ. ಬಹುಮಾನ ಅವಳಿಗೇ ಹೋಯಿತು. ನಾನೂ ಅವಳಿಗೇ ಅಂಕ ಕೊಟ್ಟೆ. ಆದರೆ ಮನೆಗೆ ಬರುವಾಗ ದಾರಿಯುದ್ದಕ್ಕೂ ಆ ಪ್ರಶ್ನೆ ನನ್ನ ಜೊತೆಗೇ ಬಂತು. ಈ ಲೇಖನ ಒಂದು ರೀತಿಯಲ್ಲಿ ಅದರದೇ ಬೆನ್ನು ಹತ್ತಿದ್ದು.

ಮೊದಲು ಹೆಸರುಗಳ ಗೊಂದಲವನ್ನು ಬಿಡಿಸಿಕೊಳ್ಳೋಣ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವೆಂಬುದು 1993ರ ಕಾನೂನಿನ ಮೂಲಕ ಹುಟ್ಟಿದ ಸರ್ಕಾರಿ ಸಂಸ್ಥೆ. ಗಲ್ಲು ಶಿಕ್ಷೆಯ ವಿರುದ್ಧ ಪ್ರಚಾರ ನಡೆಸುತ್ತ ಬಂದಿರುವವು ನಾಗರಿಕರೇ ಕಟ್ಟಿಕೊಂಡ ಸಂಸ್ಥೆಗಳು. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಜಯಪ್ರಕಾಶ ನಾರಾಯಣರ ಮುಂದಾಳುತನದಲ್ಲಿ ಆರಂಭವಾದ ಸಂಘಟನೆಯಿಂದ ಬೆಳೆದದ್ದು ಪಿ.ಯು.ಸಿ.ಎಲ್., ಅಂದರೆ ನಾಗರಿಕ ಸ್ವಾತಂತ್ರ್ಯಗಳಿಗಾಗಿ ಜನತಾ ಒಕ್ಕೂಟ. ಇದರ ಕರ್ನಾಟಕ ಘಟಕವೂ ಇದೆ. ಇನ್ನೊಂದು ಆಮ್ನೆಸ್ಟಿ ಇಂಟರ್‌ನ್ಯಾಷನಲ್. 1961ರಲ್ಲಿ ಲಂಡನ್ನಿನ ವಕೀಲ ಪೀಟರ್ ಬೆನೆನ್ಸನ್ ಪತ್ರಿಕೆಯೊಂದಕ್ಕೆ ಬರೆದ ಲೇಖನದಿಂದ ಇದು ಆರಂಭವಾಯಿತು. ತಮ್ಮ ನಂಬಿಕೆಗಾಗಿ ಸೆರೆಯಾದವರ ಬಿಡುಗಡೆಗೆ ಜಗತ್ತಿನ ಎಲ್ಲೆಡೆಯಿಂದ ಸಾಮಾನ್ಯ ಜನ ಸರ್ಕಾರಗಳಿಗೆ ಕಾಗದ ಬರೆಯುವುದು ಅದರ ಮೂಲ ವಿಧಾನ. 1977ರಲ್ಲಿ ಅದಕ್ಕೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅದು ಸ್ಟಾಕ್‌ಹೋಮ್‌ನಲ್ಲಿ ಸಮ್ಮೇಳನ ನಡೆಸಿ, ಯಾವ ಅಪರಾಧಕ್ಕೂ ಮರಣದಂಡನೆ ಬೇಡವೆಂದು ಘೋಷಿಸಿತು. ಆಗ ಅದನ್ನು ಪೂರ್ತಿ ಕೈಬಿಟ್ಟಿದ್ದ ದೇಶಗಳು ಕೇವಲ 16. ಇಂದು ಆ ಸಂಖ್ಯೆ 110ನ್ನು ದಾಟಿದೆ. ಭಾರತ ಆ ಪಟ್ಟಿಯಲ್ಲಿಲ್ಲ. 2007ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಗಲ್ಲುಗಳಿಗೆ ತಡೆ ಹಾಕಬೇಕೆಂಬ ನಿರ್ಣಯವನ್ನು ಅಂಗೀಕರಿಸಿದಾಗ ನಮ್ಮ ದೇಶ ವಿರುದ್ಧ ಮತ ಹಾಕಿತು.

ಆಮ್ನೆಸ್ಟಿಯ ಭಾರತ ಕಚೇರಿ ನಮ್ಮ ಬೆಂಗಳೂರಿನಲ್ಲೇ ಇತ್ತು. 2020ರ ಸೆಪ್ಟೆಂಬರಿನಲ್ಲಿ ಅದು ಇಲ್ಲಿನ ಕೆಲಸವನ್ನು ನಿಲ್ಲಿಸಿತು. ಬ್ಯಾಂಕ್ ಖಾತೆಗಳನ್ನು ಸ್ಥಗಿತಗೊಳಿಸಿದ್ದೇ ಕಾರಣವೆಂದು ಸಂಸ್ಥೆ ಹೇಳಿತು. ವಿದೇಶಿ ದೇಣಿಗೆಯ ಕಾನೂನನ್ನು ಸಂಸ್ಥೆ ಮುರಿದಿದೆ ಎಂದು ಸರ್ಕಾರ ಹೇಳಿತು. ಆ ಜಗಳ ನಮ್ಮ ಇಂದಿನ ವಿಷಯವಲ್ಲ.

ಗಲ್ಲು ಶಿಕ್ಷೆ ನಮ್ಮಲ್ಲಿ ಹೇಗೆ ಬರುತ್ತದೆ? ಸೆಷನ್ಸ್ ನ್ಯಾಯಾಲಯ ಕೊಲೆಗಾರನಿಗೆ ಸಾಮಾನ್ಯವಾಗಿ ಜೀವಾವಧಿ ವಿಧಿಸಬೇಕು. ಮರಣದಂಡನೆ ವಿಧಿಸುವುದಾದರೆ ವಿಶೇಷ ಕಾರಣಗಳನ್ನು ಬರೆಯಬೇಕು. ಹಾಗೆ ವಿಧಿಸಿದ ಶಿಕ್ಷೆಯನ್ನು ಹೈಕೋರ್ಟ್ ದೃಢಪಡಿಸುವವರೆಗೆ ಜಾರಿ ಮಾಡುವಂತಿಲ್ಲ. ಆಮೇಲೆ ಸುಪ್ರೀಂ ಕೋರ್ಟಿಗೆ ಮೇಲ್ಮನವಿ. ಅಲ್ಲಿಯೂ ಸೋತರೆ ಸಂವಿಧಾನದ 161ನೇ ವಿಧಿಯಂತೆ ರಾಜ್ಯಪಾಲರಿಗೆ, 72ನೇ ವಿಧಿಯಂತೆ ರಾಷ್ಟ್ರಪತಿಗೆ ಕ್ಷಮಾದಾನದ ಅರ್ಜಿ. 1980ರಲ್ಲಿ ಬಚನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಗಲ್ಲು ಶಿಕ್ಷೆ ಸಂವಿಧಾನಕ್ಕೆ ವಿರುದ್ಧವಲ್ಲ, ಆದರೆ "ಅಪರೂಪದಲ್ಲಿ ಅಪರೂಪ"ದ ಪ್ರಕರಣಗಳಿಗೆ ಮಾತ್ರ ಇರಲಿ ಎಂದಿತು. ಐವರು ನ್ಯಾಯಮೂರ್ತಿಗಳಲ್ಲಿ ಪಿ.ಎನ್. ಭಗವತಿಯವರೊಬ್ಬರೇ ಒಪ್ಪಲಿಲ್ಲ. ಯಾರಿಗೆ ಗಲ್ಲು, ಯಾರಿಗೆ ಜೀವಾವಧಿ ಎಂಬುದು ಆಯಾ ನ್ಯಾಯಪೀಠದಲ್ಲಿ ಯಾರು ಕುಳಿತಿದ್ದಾರೆ ಎನ್ನುವುದರ ಮೇಲೆ ನಿಂತುಬಿಡುತ್ತದೆ ಎಂಬುದು ಅವರ ಆಕ್ಷೇಪ.

ಆ ಆಕ್ಷೇಪ ಎಷ್ಟು ನಿಜ ಎಂಬುದನ್ನು ನಮ್ಮ ಪಕ್ಕದಲ್ಲೇ ನೋಡಬಹುದು. ರಾಜಾಜಿನಗರದಿಂದ ಹಸಿರು ಮಾರ್ಗದಲ್ಲಿ ಹೊರಟರೆ ಐದನೆಯ ನಿಲ್ದಾಣ ಪೀಣ್ಯ. 1998ರ ಫೆಬ್ರವರಿ 28ರಂದು ಪೀಣ್ಯ ಪೊಲೀಸ್ ಠಾಣೆಯ ಸರಹದ್ದಿನ ಒಂದು ಮನೆಯಲ್ಲಿ ಒಬ್ಬ ತಾಯಿಯ ಮೇಲೆ ಅತ್ಯಾಚಾರ ಮಾಡಿ ಕೊಂದರು. ಆಕೆಯ ಎಳೆಯ ಮಗ ಮುಂದೆ ನ್ಯಾಯಾಲಯದಲ್ಲಿ ಸಾಕ್ಷಿ ಹೇಳಬೇಕಾಯಿತು. ಅಪರಾಧಿ ಉಮೇಶ್ ರೆಡ್ಡಿ. ಹಿಂದೆ ಪೊಲೀಸ್ ಪೇದೆಯಾಗಿದ್ದವನು. ಬೆಂಗಳೂರಿನ ನ್ಯಾಯಾಲಯ 2006ರಲ್ಲಿ ಗಲ್ಲು ಶಿಕ್ಷೆ ವಿಧಿಸಿತು. ಪ್ರಕರಣ ಹೈಕೋರ್ಟಿಗೆ ಬಂದಾಗ ಏನಾಯಿತು ನೋಡಿ. 2007ರಲ್ಲಿ ಇಬ್ಬರು ನ್ಯಾಯಮೂರ್ತಿಗಳೂ ಅವನು ಅಪರಾಧಿಯೆಂದು ಒಪ್ಪಿದರು. ಆದರೆ ಒಬ್ಬರು ಗಲ್ಲು ಎಂದರು, ಇನ್ನೊಬ್ಬರು ಜೀವಾವಧಿ ಸಾಕು ಎಂದರು. ಮೂರನೆಯ ನ್ಯಾಯಮೂರ್ತಿಗಳ ಮುಂದೆ ಕಡತ ಹೋಯಿತು. 2009ರಲ್ಲಿ ಅವರು ಗಲ್ಲಿನ ಕಡೆ ನಿಂತರು. ಅದೇ ಸಾಕ್ಷ್ಯ, ಅದೇ ಕಾನೂನು ಪುಸ್ತಕ, ಅದೇ ಕಟ್ಟಡ. 2011ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ಎತ್ತಿಹಿಡಿಯಿತು. 2013ರಲ್ಲಿ ರಾಷ್ಟ್ರಪತಿಗಳು ಕ್ಷಮಾದಾನದ ಅರ್ಜಿಯನ್ನು ತಿರಸ್ಕರಿಸಿದರು.

ಆದರೂ ಅವನಿಗೆ ಗಲ್ಲಾಗಲಿಲ್ಲ. ಕಾರಣ ಅವನ ಸನ್ನಡತೆಯಲ್ಲ. ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಅವನನ್ನು 2006ರಿಂದಲೇ ಒಂಟಿ ಕೋಣೆಯಲ್ಲಿ ಕೂಡಿಹಾಕಿದ್ದರು. ಕ್ಷಮಾದಾನದ ಅರ್ಜಿ ತಿರಸ್ಕೃತವಾಗುವ ಮೊದಲು ಹಾಗೆ ಇಡುವಂತಿಲ್ಲವೆಂದು ಸುಪ್ರೀಂ ಕೋರ್ಟ್ 1978ರಲ್ಲೇ, ಸುನಿಲ್ ಬಾತ್ರಾ ಪ್ರಕರಣದಲ್ಲಿ, ಹೇಳಿಯಾಗಿತ್ತು. 2022ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ ಆ ಕಾರಣಕ್ಕೆ ಗಲ್ಲನ್ನು ತೆಗೆದು, ಕನಿಷ್ಠ 30 ವರ್ಷ ಜೈಲಿನಲ್ಲೇ ಇರಬೇಕೆಂಬ ಷರತ್ತಿನ ಜೀವಾವಧಿಯಾಗಿ ಬದಲಾಯಿಸಿತು. ನಿಮ್ಮಲ್ಲಿ ಹಲವರಿಗೆ ಇದು ಕೋಪ ತರಿಸುತ್ತದೆಂದು ಬಲ್ಲೆ. "ಇಷ್ಟು ಭಯಂಕರ ಅಪರಾಧ ಮಾಡಿದವನ ಕೋಣೆಯ ಬಗ್ಗೆ ಯಾಕೆ ಇಷ್ಟು ಚಿಂತೆ?" ಪ್ರಚಾರ ನಡೆಸುವವರ ಉತ್ತರ ಸರಳ: ತೀರ್ಪಿನಲ್ಲಿ ಬರೆದ ಶಿಕ್ಷೆಯನ್ನಷ್ಟೇ ಸರ್ಕಾರ ಕೊಡಬೇಕು, ಬರೆಯದ ಶಿಕ್ಷೆಯನ್ನು ಅದರ ಜೊತೆ ಸೇರಿಸಬಾರದು. ಅವನು ಸೆರೆಯಿಂದ ಹೊರಗೆ ಬರಲಿ ಎಂದು ಅವರು ಕೇಳಲಿಲ್ಲ, ನ್ಯಾಯಾಲಯವೂ ಹೊರಗೆ ಬಿಡಲಿಲ್ಲ.

ಹಿಂಡಲಗಾ ಎಂದೆ. ಕರ್ನಾಟಕದಲ್ಲಿ ಗಲ್ಲುಗಂಬವಿರುವ ಜೈಲು ಅದು. ಅಲ್ಲಿ ಕೊನೆಯ ಗಲ್ಲು ನಡೆದದ್ದು 1983ರಲ್ಲಿ. ಮೂವತ್ತು ವರ್ಷಗಳ ನಂತರ, 2013ರ ಫೆಬ್ರವರಿಯಲ್ಲಿ, ಆ ಗಂಬ ಮತ್ತೆ ಕೆಲಸಕ್ಕೆ ಬರಲಿದೆ ಎಂದೇ ಎಲ್ಲರೂ ತಿಳಿದಿದ್ದರು.

ಆ ಕಥೆ ಆರಂಭವಾಗುವುದು 1993ರ ಏಪ್ರಿಲ್ 9ರಂದು. ಮಲೆ ಮಹದೇಶ್ವರ ಬೆಟ್ಟದಿಂದ ತಮಿಳುನಾಡಿನ ಕಡೆಗೆ ಇಳಿಯುವ ದಾರಿಯಲ್ಲಿ, ಪಾಲಾರ್ ಎಂಬಲ್ಲಿ, ವೀರಪ್ಪನ್ ತಂಡದವರು ನೆಲಬಾಂಬುಗಳನ್ನು ಸಿಡಿಸಿದರು. ಅವನನ್ನು ಹುಡುಕಿಕೊಂಡು ವಾಹನಗಳಲ್ಲಿ ಹೊರಟಿದ್ದ ತಂಡದಲ್ಲಿ 22 ಮಂದಿ ಸತ್ತರು. ಪೊಲೀಸರು, ಅರಣ್ಯ ಸಿಬ್ಬಂದಿ, ಅವರಿಗೆ ದಾರಿ ತೋರಿಸಲು ಹೋಗಿದ್ದ ಊರವರು. ಆ ಊರವರ ಬಗ್ಗೆ ಯಾರೂ ಹೆಚ್ಚು ಬರೆದಿಲ್ಲ. ಪತ್ರಿಕೆಗಳ ಮೊದಲ ಪುಟವೆಲ್ಲ ವೀರಪ್ಪನ್‌ನ ಮೀಸೆಗೇ ಹೋಯಿತು.

ಟಾಡಾ ಕಾನೂನಿನಡಿ ನೂರಕ್ಕೂ ಹೆಚ್ಚು ಮಂದಿಯ ಮೇಲೆ ಮೊಕದ್ದಮೆ ಹೂಡಲಾಯಿತು. ಟಾಡಾದ ವಿಶೇಷವೇನೆಂದರೆ, ಪೊಲೀಸ್ ಹಿರಿಯ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನೂ ನ್ಯಾಯಾಲಯ ಸಾಕ್ಷ್ಯವಾಗಿ ಒಪ್ಪಬಹುದಿತ್ತು. ಸಾಮಾನ್ಯ ಕಾನೂನಿನಲ್ಲಿ ಇದಕ್ಕೆ ಎಡೆಯಿಲ್ಲ. ಪೊಲೀಸ್ ಠಾಣೆಯಲ್ಲಿ ತಪ್ಪೊಪ್ಪಿಗೆಯನ್ನು ಹೇಗೆ ಪಡೆಯಬಹುದೆಂಬುದು ಬ್ರಿಟಿಷರಿಗೂ ಗೊತ್ತಿತ್ತು. ಮೈಸೂರಿನ ವಿಶೇಷ ನ್ಯಾಯಾಲಯ 2001ರಲ್ಲಿ ತೀರ್ಪು ಕೊಟ್ಟಾಗ ಬಹುಪಾಲು ಆರೋಪಿಗಳು ನಿರಪರಾಧಿಗಳೆಂದು ಬಿಡುಗಡೆಯಾದರು. ಎಂಟು ವರ್ಷಗಳ ಮೇಲೆ! ವೀರಪ್ಪನ್ ಕಾರ್ಯಾಚರಣೆಯ ಕಾಲದಲ್ಲಿ ಕಾಡಂಚಿನ ಹಳ್ಳಿಗರ ಮೇಲೆ ಎರಡೂ ರಾಜ್ಯಗಳ ವಿಶೇಷ ಕಾರ್ಯಪಡೆ ನಡೆಸಿದ ದೌರ್ಜನ್ಯಗಳ ದೂರುಗಳನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಎ.ಜೆ. ಸದಾಶಿವರ ಸಮಿತಿಯಿಂದ ತನಿಖೆ ಮಾಡಿಸಿತು. 2007ರಲ್ಲಿ ಸಂತ್ರಸ್ತರಿಗೆ ಪರಿಹಾರ ಕೊಡಬೇಕೆಂದಿತು.

ತಪ್ಪಿತಸ್ಥರೆಂದು ಕಂಡುಬಂದ ಕೆಲವರಿಗೆ ಮೈಸೂರಿನ ನ್ಯಾಯಾಲಯ ಜೀವಾವಧಿ ವಿಧಿಸಿತು. ಅವರಲ್ಲಿ ನಾಲ್ವರು, ನಮ್ಮನ್ನು ಬಿಡುಗಡೆ ಮಾಡಿ ಎಂದು ಸುಪ್ರೀಂ ಕೋರ್ಟಿಗೆ ಹೋದರು. ಸುಪ್ರೀಂ ಕೋರ್ಟ್ 2004ರ ಜನವರಿಯಲ್ಲಿ ಅವರ ಮೇಲ್ಮನವಿಯನ್ನು ತಳ್ಳಿಹಾಕಿದ್ದಷ್ಟೇ ಅಲ್ಲ, ತಾನಾಗಿಯೇ ಶಿಕ್ಷೆಯನ್ನು ಗಲ್ಲಿಗೆ ಏರಿಸಿತು. ಮೊದಲ ಬಾರಿಗೆ ಗಲ್ಲು ಎಂಬ ಮಾತು ಬಂದದ್ದು ದೇಶದ ಕೊನೆಯ ನ್ಯಾಯಾಲಯದಲ್ಲಿ. ಅದರ ಮೇಲೆ ಇನ್ನೊಂದು ಮೇಲ್ಮನವಿಗೆ ಜಾಗವಿರಲಿಲ್ಲ.

ಉಳಿದದ್ದು ಕ್ಷಮಾದಾನದ ಅರ್ಜಿ. ಅದೇ ವರ್ಷ ರಾಜ್ಯಪಾಲರು ತಿರಸ್ಕರಿಸಿದರು. ದೆಹಲಿಯಲ್ಲಿ ಅರ್ಜಿ ಒಂಬತ್ತು ವರ್ಷ ಕುಳಿತಿತು. ಒಂಬತ್ತು ವರ್ಷವೆಂದರೆ ನೀವು ಎರಡನೆಯ ತರಗತಿಯಲ್ಲಿದ್ದಾಗ ಹಾಕಿದ ಅರ್ಜಿಗೆ ಪಿ.ಯು.ಸಿ. ಸೇರುವ ವೇಳೆಗೆ ಉತ್ತರ ಬಂದಂತೆ. ಅಷ್ಟು ದಿನವೂ ಬೆಳಿಗ್ಗೆ ಬಾಗಿಲಿನ ಸದ್ದಾದರೆ ಯಾಕೆ ಬಂದರೋ ಎಂದು ಎದೆ ಹೊಡೆದುಕೊಳ್ಳುವುದು. 2013ರ ಫೆಬ್ರವರಿಯಲ್ಲಿ ರಾಷ್ಟ್ರಪತಿ ಪ್ರಣವ್ ಮುಖರ್ಜಿ ಅರ್ಜಿಯನ್ನು ತಿರಸ್ಕರಿಸಿದರು. ಅದೇ ತಿಂಗಳ 9ರಂದು ದೆಹಲಿಯ ತಿಹಾರ್ ಜೈಲಿನಲ್ಲಿ ಅಫ್ಜಲ್ ಗುರುವನ್ನು ಗುಟ್ಟಾಗಿ ಗಲ್ಲಿಗೇರಿಸಿ ಅಲ್ಲೇ ಹೂಳಿದ್ದರು. ಮನೆಯವರಿಗೆ ಕಳುಹಿಸಿದ ಅಂಚೆ ತಲುಪುವ ವೇಳೆಗೆ ಎಲ್ಲವೂ ಮುಗಿದಿತ್ತು. ಹಿಂಡಲಗಾದಲ್ಲೂ ಹಾಗೇ ಆಗಬಹುದೆಂಬ ಭಯದಲ್ಲಿ ವಕೀಲರೂ ಮಾನವ ಹಕ್ಕು ಕಾರ್ಯಕರ್ತರೂ ಓಡಾಡಿದರು. ಫೆಬ್ರವರಿ 18ರಂದು ಸುಪ್ರೀಂ ಕೋರ್ಟ್ ತಡೆ ನೀಡಿತು.

ಮುಂದಿನ ವರ್ಷ, 2014ರ ಜನವರಿ 21ರಂದು, ಮುಖ್ಯ ನ್ಯಾಯಮೂರ್ತಿ ಪಿ. ಸದಾಶಿವಂ ನೇತೃತ್ವದ ಪೀಠ ದೇಶದ ಬೇರೆ ಬೇರೆ ಜೈಲುಗಳ 15 ಮಂದಿಯ ಗಲ್ಲನ್ನು ಒಂದೇ ತೀರ್ಪಿನಲ್ಲಿ ಜೀವಾವಧಿಗೆ ಇಳಿಸಿತು. ಶತ್ರುಘ್ನ ಚೌಹಾಣ್ ಪ್ರಕರಣವೆಂದು ಇದು ಹೆಸರಾಗಿದೆ. 15ರಲ್ಲಿ ಏಳು ಮಂದಿ ಕರ್ನಾಟಕದ ಪ್ರಕರಣಗಳವರು, ಪಾಲಾರಿನ ನಾಲ್ವರೂ ಸೇರಿ. ಅರ್ಜಿಯನ್ನು ಕಾರಣವಿಲ್ಲದೆ ವರ್ಷಗಟ್ಟಲೆ ಕಾಯಿಸುವುದೇ ಹಿಂಸೆ, ಅದು 21ನೇ ವಿಧಿಯ ಬದುಕುವ ಹಕ್ಕಿಗೆ ವಿರುದ್ಧ ಎಂದು ನ್ಯಾಯಾಲಯ ಹೇಳಿತು. ಜೊತೆಗೆ ಕೆಲವು ನಿಯಮಗಳನ್ನೂ ಹಾಕಿತು. ಅರ್ಜಿ ತಿರಸ್ಕೃತವಾದದ್ದನ್ನು ಕೈದಿಗೂ ಮನೆಯವರಿಗೂ ಲಿಖಿತವಾಗಿ ತಿಳಿಸಬೇಕು. ತಿಳಿಸಿದ ಮೇಲೆ ಗಲ್ಲಿಗೆ ಕನಿಷ್ಠ 14 ದಿನ ಬಿಡಬೇಕು. ಮನೆಯವರ ಕೊನೆಯ ಭೇಟಿಗೆ ಅವಕಾಶವಿರಬೇಕು. ಕಾನೂನು ನೆರವು ಕೊನೆಯವರೆಗೂ ಸಿಗಬೇಕು.

ಈ ತೀರ್ಪು ಒಬ್ಬರ ಕೃಪೆಯಿಂದ ಬಂದದ್ದಲ್ಲ. ಹಲವು ವರ್ಷ ತೀರ್ಪುಗಳನ್ನು ಕೂತು ಓದಿದವರ ಕೆಲಸ ಅದರ ಹಿಂದಿದೆ. 2008ರಲ್ಲಿ ಆಮ್ನೆಸ್ಟಿಯ ಭಾರತ ಶಾಖೆಯೂ ತಮಿಳುನಾಡು ಮತ್ತು ಪುದುಚೇರಿಯ ಪಿ.ಯು.ಸಿ.ಎಲ್. ಘಟಕವೂ ಸೇರಿ, 1950ರಿಂದ 2006ರವರೆಗಿನ ಸುಪ್ರೀಂ ಕೋರ್ಟಿನ ಗಲ್ಲು ತೀರ್ಪುಗಳನ್ನೆಲ್ಲ ಹರಡಿಕೊಂಡು ಒಂದು ವರದಿ ತಂದವು. ಅದರ ಹೆಸರೇ "ಪ್ರಾಣಾಂತಿಕ ಲಾಟರಿ" ಎಂಬ ಅರ್ಥದ್ದು. ಒಂದೇ ಬಗೆಯ ಅಪರಾಧಕ್ಕೆ ಒಂದು ಪೀಠದಲ್ಲಿ ಗಲ್ಲು, ಇನ್ನೊಂದರಲ್ಲಿ ಜೀವಾವಧಿ. 2012ರಲ್ಲಿ 14 ಮಂದಿ ನಿವೃತ್ತ ನ್ಯಾಯಮೂರ್ತಿಗಳು ರಾಷ್ಟ್ರಪತಿಗಳಿಗೆ ಬರೆದು, ತಪ್ಪು ತೀರ್ಪನ್ನು ಆಧಾರ ಮಾಡಿಕೊಂಡು ಗಲ್ಲಿಗೆ ಗುರಿಯಾದ 13 ಮಂದಿಯ ಶಿಕ್ಷೆಯನ್ನು ಬದಲಿಸಿ ಎಂದು ಕೇಳಿದರು. ಹಿಂದಿನ ತಪ್ಪನ್ನು ಸುಪ್ರೀಂ ಕೋರ್ಟೇ 2009ರಲ್ಲಿ ಒಪ್ಪಿಕೊಂಡಿತ್ತು. ಆದರೆ ಆ ತಪ್ಪು ತೀರ್ಪಿಗೆ ಮೂಲವಾದ ಪ್ರಕರಣದ ಅಪರಾಧಿಯನ್ನು 1996ರಲ್ಲೇ ಗಲ್ಲಿಗೇರಿಸಿ ಆಗಿತ್ತು.

ಬೆಂಗಳೂರಿನದೇ ಇನ್ನೊಂದು ಪ್ರಕರಣ ಮಧ್ಯದ ದಾರಿಯನ್ನು ತೆರೆಯಿತು. ಹೆಂಡತಿಯನ್ನು ಜೀವಂತವಾಗಿ ಹೂತು ಕೊಂದ ಶ್ರದ್ಧಾನಂದನ ಮೊಕದ್ದಮೆ. ಇಲ್ಲೂ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಬ್ಬರು ಗಲ್ಲು, ಒಬ್ಬರು ಜೀವಾವಧಿ ಎಂದರು. ಮೂವರ ಪೀಠ 2008ರಲ್ಲಿ ಗಲ್ಲೂ ಬೇಡ, ಸಾಮಾನ್ಯ ಜೀವಾವಧಿಯೂ ಬೇಡವೆಂದು, ಸಾಯುವವರೆಗೂ ಬಿಡುಗಡೆಯಿಲ್ಲದ ಸೆರೆಯನ್ನು ವಿಧಿಸಿತು. ಜೀವಾವಧಿ ಎಂದರೆ ಹದಿನಾಲ್ಕು ವರ್ಷ ಎಂಬ ಜನರ ನಂಬಿಕೆ ಪೂರ್ತಿ ಸರಿಯಲ್ಲ ಎಂಬುದನ್ನೂ ಇಲ್ಲಿ ನೆನಪಿಡಿ.

ಈಗ ಅಂಕಿಗಳನ್ನು ಸ್ವಲ್ಪ ನೋಡೋಣ. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದವರು ದೇಶದ ಗಲ್ಲು ಕೈದಿಗಳಲ್ಲಿ 373 ಮಂದಿಯನ್ನು ಭೇಟಿಯಾಗಿ 2016ರಲ್ಲಿ ವರದಿ ಪ್ರಕಟಿಸಿದರು. ಅವರಲ್ಲಿ ಸುಮಾರು ಶೇ. 74 ಮಂದಿ ಬಡವರು. 2000ದಿಂದ 2015ರವರೆಗೆ ಕೆಳ ನ್ಯಾಯಾಲಯಗಳು ಗಲ್ಲು ವಿಧಿಸಿದವರಲ್ಲಿ ಕೊನೆಗೂ ಗಲ್ಲೇ ಉಳಿದದ್ದು ಶೇ. 5ರಷ್ಟು ಮಂದಿಗೆ ಮಾತ್ರ. ಸುಮಾರು ಶೇ. 30 ಮಂದಿ ಮೇಲ್ಮನವಿಯಲ್ಲಿ ಬಿಡುಗಡೆಯೇ ಆದರು. ಈ ಶೇ. 30ನ್ನು ದಯವಿಟ್ಟು ಇನ್ನೊಮ್ಮೆ ಓದಿ. ಗಲ್ಲು ಎಂದು ಒಂದು ನ್ಯಾಯಾಲಯ ಬರೆದ ಮೇಲೆ ಇನ್ನೊಂದು ನ್ಯಾಯಾಲಯ, ಇವರ ಅಪರಾಧ ಸಾಬೀತಾಗಿಲ್ಲ ಎಂದದ್ದು. ಒಳ್ಳೆಯ ವಕೀಲರು ಸಿಗದೆ ಹೋಗಿದ್ದರೆ? ಪ್ರಚಾರದವರ ಅತಿ ಬಲವಾದ ವಾದ ಇದೇ ಎಂದು ನನಗನಿಸುತ್ತದೆ. ಕರುಣೆಯ ವಾದಕ್ಕೆ ಕಲ್ಲುಮನಸ್ಸಿನವರು ಕರಗಲಾರರು, ಈ ಅಂಕಿಯನ್ನು ಕಂಡಾಗ ಅವರೂ ಒಂದು ಗಳಿಗೆ ನಿಲ್ಲಬೇಕಾಗುತ್ತದೆ.

ಎದುರು ಪಕ್ಷದಲ್ಲೂ ಹುರುಳಿದೆ. 1967ರಲ್ಲಿ ಕಾನೂನು ಆಯೋಗ ತನ್ನ 35ನೇ ವರದಿಯಲ್ಲಿ, ಇಷ್ಟು ದೊಡ್ಡ, ಇಷ್ಟು ಬಗೆಯ ಜನರಿರುವ ದೇಶ ಈ ಪ್ರಯೋಗಕ್ಕೆ ಕೈಹಾಕಲಾಗದು ಎಂದಿತು. ಭಯವಿಲ್ಲದಿದ್ದರೆ ಅಪರಾಧ ಹೆಚ್ಚುತ್ತದೆ ಎಂಬುದು ಹೆಚ್ಚಿನವರ ನಂಬಿಕೆ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2012ರಲ್ಲಿ ಈ ಬಗೆಗಿನ ಹಲವು ದಶಕಗಳ ಅಧ್ಯಯನಗಳನ್ನು ಪರಿಶೀಲಿಸಿ, ಗಲ್ಲಿನಿಂದ ಕೊಲೆ ಕಡಿಮೆಯಾಗುತ್ತದೆಂದಾಗಲಿ ಹೆಚ್ಚುತ್ತದೆಂದಾಗಲಿ ಅವುಗಳ ಆಧಾರದ ಮೇಲೆ ಹೇಳಲಾಗದು ಎಂದಿತು. ಎರಡೂ ಕಡೆಯವರು ಇದನ್ನು ತಮಗೆ ಬೇಕಾದಂತೆ ಬಳಸುವುದನ್ನು ನೋಡಿದ್ದೇನೆ. ನಮ್ಮ ಕಾನೂನು ಆಯೋಗವೇ 2015ರಲ್ಲಿ, ನ್ಯಾಯಮೂರ್ತಿ ಎ.ಪಿ. ಶಾ ಅಧ್ಯಕ್ಷತೆಯಲ್ಲಿ, ಭಯೋತ್ಪಾದನೆ ಮತ್ತು ದೇಶದ ವಿರುದ್ಧ ಯುದ್ಧದ ಪ್ರಕರಣಗಳನ್ನು ಬಿಟ್ಟು ಉಳಿದ ಅಪರಾಧಗಳಿಗೆ ಗಲ್ಲು ರದ್ದಾಗಲಿ ಎಂದು ಶಿಫಾರಸು ಮಾಡಿತು. ಅದು ಕಾನೂನಾಗಿಲ್ಲ. ಡಾ. ಅಂಬೇಡ್ಕರ್ ಅವರಂತೂ 1949ರ ಜೂನ್‌ನಲ್ಲಿ, ಸಂವಿಧಾನ ಸಭೆಯಲ್ಲೇ, ಮರಣದಂಡನೆಯನ್ನು ತೆಗೆದುಹಾಕುವುದೇ ತಮಗೆ ಒಪ್ಪಿಗೆಯೆಂದು ಹೇಳಿದ್ದರು.

ಇನ್ನು ಆ ಹುಡುಗಿಯ ಪ್ರಶ್ನೆ. ನೇರವಾಗಿ ಉತ್ತರಿಸಬೇಕೆಂದರೆ: ಹೆಚ್ಚಿನ ಸಂಸ್ಥೆಗಳು ಆ ಕಾಗದ ಬರೆದಿಲ್ಲ. ಇದು ಅವರ ಕೊರತೆ. ಸರ್ಕಾರವು ಒಬ್ಬನನ್ನು ಕೊಲ್ಲಲು ಹೊರಟಾಗ ತಡೆಯುವುದು ನಮ್ಮ ಕೆಲಸ, ಕೊಲೆಗಾರನನ್ನು ಹಿಡಿಯುವುದು, ಸಂತ್ರಸ್ತರನ್ನು ನೋಡಿಕೊಳ್ಳುವುದು ಸರ್ಕಾರದ ಕೆಲಸ ಎಂದು ಅವರು ಹೇಳುತ್ತಾರೆ. ತರ್ಕ ಸರಿ. ಆದರೆ ಪೀಣ್ಯದ ಆ ಮಗುವಿನ ಮುಂದೆ ನಿಂತು ಈ ತರ್ಕ ಹೇಳಲು ನನಗಂತೂ ಬಾಯಿ ಬಾರದು.

ಇನ್ನೊಂದು ಬದಿಯನ್ನೂ ನೋಡಿ. 1998ರಲ್ಲಿ ತಾಯಿಯನ್ನು ಕಳೆದುಕೊಂಡ ಮಗು 2022ರ ವೇಳೆಗೆ ಮೂವತ್ತು ದಾಟಿದ ಗಂಡಸು. ಅಷ್ಟೂ ವರ್ಷ, ಗಲ್ಲು ಎಂಬ ತೀರ್ಪು ಬಂದಾಗ, ದೃಢವಾದಾಗ, ತಡೆಯಾದಾಗ, ಬದಲಾದಾಗ, ಪ್ರತಿ ಸಲವೂ ಆ ದಿನದ ಸುದ್ದಿ ಪತ್ರಿಕೆಯಲ್ಲಿ ಮತ್ತೆ ಅಚ್ಚಾಗಿದೆ. ಮೊದಲೇ ಬಿಡುಗಡೆಯಿಲ್ಲದ ಜೀವಾವಧಿ ಆಗಿದ್ದರೆ ಅದು ಹಲವು ವರ್ಷ ಮೊದಲೇ ಮುಗಿಯುತ್ತಿತ್ತು. ಸಂತ್ರಸ್ತರ ಮನೆಯವರಲ್ಲಿ ಎಲ್ಲರೂ ಹೀಗೆ ಯೋಚಿಸುತ್ತಾರೆಂದು ನಾನು ಹೇಳಲಾರೆ. ಗಲ್ಲಾಗಲೇಬೇಕೆಂದು ಕೊನೆಯವರೆಗೂ ಕಾದವರೂ ಇದ್ದಾರೆ, ಅವರ ನೋವನ್ನು ಅಳೆಯುವ ಅಧಿಕಾರ ನಮಗಿಲ್ಲ.

ಸಂತ್ರಸ್ತರಿಗೆಂದು ಕಾನೂನಿನಲ್ಲಿ ಇರುವುದು ಬಹಳ ಜನಕ್ಕೆ ಗೊತ್ತಿಲ್ಲ. 2009ರಲ್ಲಿ ದಂಡ ಪ್ರಕ್ರಿಯಾ ಸಂಹಿತೆಗೆ ಸೇರಿಸಿದ ಒಂದು ಕಲಮಿನಂತೆ ಪ್ರತಿ ರಾಜ್ಯವೂ ಸಂತ್ರಸ್ತರ ಪರಿಹಾರ ಯೋಜನೆ ಮಾಡಬೇಕಾಯಿತು. ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಆ ಕಲಮು ಉಳಿದಿದೆ. ಅಪರಾಧಿ ಸಿಗದಿದ್ದರೂ, ಮೊಕದ್ದಮೆ ಬಿದ್ದುಹೋದರೂ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಅರ್ಜಿಗೆ ವಕೀಲರ ಖರ್ಚು ಬೇಡ. ನಿಮ್ಮ ಬೀದಿಯಲ್ಲಿ ಅಂಥ ಮನೆಯೊಂದಿದ್ದರೆ ಈ ಒಂದು ಮಾತನ್ನು ಅವರಿಗೆ ತಿಳಿಸಬಹುದು. ಗಲ್ಲಿನ ಪರವಾಗಿ ಇರುವವರೂ ವಿರುದ್ಧ ಇರುವವರೂ ಮಾಡಬಹುದಾದ ಕೆಲಸವಿದು.

ಪ್ರಚಾರದವರ ಮುಂದಿನ ಹೋರಾಟ ಎಲ್ಲಿದೆ ಎಂಬುದನ್ನೂ ಹೇಳಿಬಿಡುತ್ತೇನೆ. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 472ನೇ ಕಲಮು ಕ್ಷಮಾದಾನದ ಅರ್ಜಿಗೆ ಕಾಲಮಿತಿ ಹಾಕಿದೆ. ಕೈದಿ 30 ದಿನದೊಳಗೆ ಅರ್ಜಿ ಹಾಕಬೇಕು. ರಾಜ್ಯಪಾಲರಲ್ಲಿ ತಿರಸ್ಕೃತವಾದರೆ 60 ದಿನದೊಳಗೆ ರಾಷ್ಟ್ರಪತಿಗಳಿಗೆ. ಕಾಯಿಸುವಿಕೆ ಕಡಿಮೆಯಾದರೆ ಒಳ್ಳೆಯದೇ. ಆದರೆ ಅದೇ ಕಲಮು, ರಾಷ್ಟ್ರಪತಿಗಳ ತೀರ್ಮಾನದ ಮೇಲೆ ಯಾವ ನ್ಯಾಯಾಲಯಕ್ಕೂ ಮೇಲ್ಮನವಿ ಇಲ್ಲ, ಆ ತೀರ್ಮಾನಕ್ಕೆ ಹೇಗೆ ಬಂದರೆಂದು ವಿಚಾರಿಸುವಂತಿಲ್ಲ ಎಂದೂ ಹೇಳುತ್ತದೆ. 2013ರಲ್ಲಿ ಹಿಂಡಲಗಾದ ನಾಲ್ವರಿಗಾಗಿ ವಕೀಲರು ತಟ್ಟಿದ್ದು ಇದೇ ಬಾಗಿಲನ್ನು. ಆಗ ಅದು ತೆರೆಯಿತು. ಹೊಸ ಕಲಮಿನ ಎದುರು ನ್ಯಾಯಾಲಯ ಅದನ್ನು ಎಷ್ಟು ತೆರೆದಿಡುತ್ತದೆ ಎಂಬುದು ಮುಂದಿನ ಪ್ರಕರಣದಲ್ಲಿ ತೀರ್ಮಾನವಾಗಬೇಕು. ಆ ನಾಲ್ವರಲ್ಲಿ ಒಬ್ಬರು ಕ್ಯಾನ್ಸರ್ ರೋಗದಿಂದ ನರಳುತ್ತಿದ್ದಾಗ 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಜಾಮೀನಿನ ಮೇಲೆ ಮೈಸೂರು ಜೈಲಿನಿಂದ ಹೊರಗೆ ಬಂದರು. ಒಳಗೆ ಹೋಗಿ ಆಗಲೇ ಸುಮಾರು ಮೂವತ್ತು ವರ್ಷಗಳಾಗಿದ್ದವು.